ಬಿಳಿ ಪಟ್ಟೆಯ ಮೇಲೊಂದು ಚುಕ್ಕೆ

ಬೆಳಗಿನ ಚಹಾ ಬಂದಿತ್ತು. ಕಾರ್ಖಾನೆಯವರೆಲ್ಲ ಲೋಟದ ಕಂಠವನ್ನು ಎರಡೇ ಬೆರಳಲ್ಲಿ ಹಿಡಿದು, ಊದಿ, ಈ ಕೈಯಿಂದ ಆ ಕೈಗೆ ದಾಟಿಸುತ್ತ ಕುಣಿಯುತ್ತಿದ್ದರು. ಬೆರಳಕ್ಕ ಮಾತ್ರ ತನ್ನ ಲೋಟವನ್ನು ಅಂಗೈಯಲ್ಲಿ ಇಡಿಯಾಗಿ ತಬ್ಬಿಕೊಂಡು ಕಿಟಕಿಯಾಚೆ ನೋಡುತ್ತ ನಿಂತಿದ್ದಳು.

“ಅತ್ತಿಗೆ, ಅದು ಲೋಟಾನೋ ಬೆಕ್ಕಿನ ಮರೀನೋ? ಒಳ್ಳೇ ಮುದ್ದು ಮಾಡ್ತಿದೀರಲ್ಲ!” ಎಂದಳು ಗುಂಗುರು.

ಬೆರಳಕ್ಕ ಕೆಳಗೆ ನೋಡಿದಳು. ಅಂಗೈ ಕೆಂಡದ ಬಣ್ಣಕ್ಕೆ ತಿರುಗಿತ್ತು. “ಅಬ್ಬಬ್ಬಾ, ಸುಟ್ಟೇಹೋಯ್ತು!” ಎಂದು ಲೋಟವನ್ನು ಮೇಜಿನ ಮೇಲಿಟ್ಟಳು. ಕೈ ಕೊಡವಿದಳು, ಉಫ್ ಉಫ್ ಎಂದು ಊದಿಕೊಂಡಳು. ಎಲ್ಲ ಸರಿಯಾಗಿಯೇ ಇತ್ತು. ಎರಡು ಗಳಿಗೆ ತಡವಾಗಿತ್ತು ಅಷ್ಟೆ. ಯಾರೂ ಗಮನಿಸಲಿಲ್ಲ.

ಗುಂಗುರು ಆಕೆಯ ಗಂಡನ ತಂಗಿ. ತಲೆಗೂದಲು ಸ್ಪ್ರಿಂಗಿನ ಹಾಗೆ ಸುರುಳಿ ಸುರುಳಿ. ಹಾಗಾಗಿ ಆ ಹೆಸರು. ಯಾರ ದನಿಯನ್ನಾದರೂ ಒಂದು ಸಲ ಕೇಳಿದರೆ ಸಾಕು, ಮರುಗಳಿಗೆ ಅವರನ್ನೇ ಗಂಟಲಿನಿಂದ ಹೊರಗೆ ತೆಗೆದು ನಿಲ್ಲಿಸುತ್ತಿದ್ದಳು. ಮನೆಯಲ್ಲಿ ಮಿಮಿಕ್ರಿ ಮಾಡುವವಳು ಅವಳೊಬ್ಬಳೇ ಎಂದು ಎಲ್ಲರೂ ತಿಳಿದಿದ್ದರು. ಆದರೆ ಮೂರು ತಿಂಗಳಿಂದ ಬೆರಳಕ್ಕನೂ ಒಂದು ಮಿಮಿಕ್ರಿ ನಡೆಸಿಕೊಂಡು ಬಂದಿದ್ದಳು. ಅವಳು ಅನುಕರಿಸುತ್ತಿದ್ದುದು ನೋವನ್ನು.

ಮೊದಲು ಎಡಗೈಯ ತೋರುಬೆರಳಿನ ತುದಿ ಹೋಯಿತು. ಜೋಮು ಹಿಡಿದಿದೆ, ಬಿಡುತ್ತದೆ ಅಂದುಕೊಂಡಳು. ಬಿಡಲಿಲ್ಲ, ಪಕ್ಕದ ಬೆರಳಿಗೂ ಹೇಳಿಕೊಟ್ಟಿತು. ತಿಂಗಳೊಪ್ಪತ್ತಿನಲ್ಲಿ ಹತ್ತು ಬೆರಳೂ ಒಂದೇ ಪಕ್ಷ. ಡಾಕ್ಟರ ಬಳಿಗೂ ಹೋದಳು. ಅವರು ಸೂಜಿಯ ಮೊನೆ ತಾಗಿಸಿ “ಚುಚ್ತಾ?” ಎಂದು ಕೇಳಿದರು. ಬೆರಳಕ್ಕ ಕಣ್ಣು ಬಿಟ್ಟುಕೊಂಡೇ ಕೂತಿದ್ದಳು. ಸೂಜಿ ತಾಗಿದಾಗಲೆಲ್ಲ “ಹೂಂ” ಎಂದಳು. “ನಿಮ್ಮ ನರ ನನ್ನ ನರಕ್ಕಿಂತ ಚುರುಕಾಗಿವೆ ಕಣಮ್ಮ” ಎಂದು ಡಾಕ್ಟರು ಕಳಿಸಿಬಿಟ್ಟರು. ಡಾಕ್ಟರಿಗೆ ಸುಳ್ಳು ಹೇಳಿ ಯಾರಿಗೆ ಲಾಭ ಎಂದು ಬಸ್ಸಿನಲ್ಲಿ ಕೂತು ಯೋಚಿಸಿದಳು. ಯೋಚನೆಯೂ ಎಲ್ಲಿಗೂ ತಾಗಲಿಲ್ಲ. ಗಂಡ ಬಸ್ ಕಂಡಕ್ಟರು. ಮನೆಯಲ್ಲೂ “ಮುಂದೆ ಹೋಗಿ, ಮುಂದೆ ಹೋಗಿ” ಎನ್ನುವ ಮನುಷ್ಯ. ಅವನಿಗೂ ಹೇಳಲಿಲ್ಲ. ಮುಂದೆ ಹೋದಳು.

ಹೇಳುವುದಾದರೂ ಹೇಗೆ? ಆಕೆಗೆ ಬೆರಳಕ್ಕ ಎಂಬ ಹೆಸರು ಬಂದದ್ದೇ ಬೆರಳಿನಿಂದ.

ಅದು ಟೋಪಿ ಕಾರ್ಖಾನೆ. ಕಾರ್ಖಾನೆ ಎಂದರೆ ದೊಡ್ಡದೇನಲ್ಲ, ಒಂದು ಉದ್ದನೆಯ ಕೋಣೆ, ಗೋಡೆಯುದ್ದಕ್ಕೂ ಕಪಾಟು, ಕಪಾಟಿನ ತುಂಬ ಕಣ್ಣು ಮೂಗಿಲ್ಲದ ಮರದ ತಲೆಗಳು. ಉಣ್ಣೆಯ ಬುರುಡೆಗೆ ಹಬೆ ಕೊಟ್ಟು, ಮೆತ್ತಗಾದ ಮೇಲೆ ಈ ಮರದ ತಲೆಗಳಿಗೆ ಎಳೆದು ಕೂರಿಸಿದರೆ ಟೋಪಿಯ ಆಕಾರ ಬರುತ್ತದೆ. “ಮೂರು ತಲೆಮಾರಿಂದ ಊರಿಗೆಲ್ಲ ಟೋಪಿ ಹಾಕ್ತಾ ಬಂದಿದೀವಿ, ಒಬ್ಬನೇ ಒಬ್ಬ ಪೊಲೀಸ್ ಬಂದಿಲ್ಲ ನೋಡಿ, ಬಂದ್ರೂ ಟೋಪಿ ಕೊಳ್ಳೋಕೆ” ಎಂದು ಯಜಮಾನರು ಬಂದವರಿಗೆಲ್ಲ ಹೇಳುತ್ತಿದ್ದರು. ಹಳೆಯ ಜೋಕು. ಗಿರಾಕಿಗಳು ನಗುತ್ತಿದ್ದರು, ಕೆಲಸದವರು ನಕ್ಕ ಹಾಗೆ ಮಾಡುತ್ತಿದ್ದರು.

ಆ ಕಾರ್ಖಾನೆಯಲ್ಲಿ ಒಂದು ಕಟ್ಟುಪಾಡಿತ್ತು. ಯಾವ ಟೋಪಿಯೂ ‘ಸುತ್ತು’ ಆಗದೆ ಬಾಗಿಲು ದಾಟುವಂತಿಲ್ಲ. ಹೊಲಿಯುವಾಗ ಬಟ್ಟೆ ಜಾರದಿರಲೆಂದು ಗುಂಡುಸೂಜಿ ಚುಚ್ಚುತ್ತಾರೆ. ಒಂದು ಮರೆತರೂ ಹಾಕಿಕೊಂಡವರ ಹಣೆಗೆ ಕುತ್ತು. ಆದ್ದರಿಂದ ಕೊನೆಯಲ್ಲಿ ಒಬ್ಬರು ಕಣ್ಣು ಮುಚ್ಚಿಕೊಂಡು, ಬರಿಬೆರಳನ್ನು ಟೋಪಿಯ ಒಳಪಟ್ಟಿಗುಂಟ ಒಂದು ಸುತ್ತು ಆಡಿಸಬೇಕು. ಕಣ್ಣು ಮುಚ್ಚಲೇಬೇಕು, ಕಣ್ಣು ಬೆರಳಿಗೆ ಸೋಮಾರಿತನ ಕಲಿಸುತ್ತದೆ ಎಂಬುದು ಯಜಮಾನರ ವಾದ. ಹತ್ತೊಂಬತ್ತು ವರ್ಷದಿಂದ ಆ ಸುತ್ತು ಬೆರಳಕ್ಕನದು. ಇವಳ ಬೆರಳಿಗೆ ಸಿಗದ ಸೂಜಿ ಇನ್ನೂ ತಯಾರಾಗಿಲ್ಲ ಎಂಬ ಮಾತಿತ್ತು. ಬೆರಳಿಗೆ ತೊಡುವ ತಗಡಿನ ಟೋಪಿಯನ್ನು ಹೊಲಿಯುವಾಗಲೂ ಆಕೆ ಮುಟ್ಟಿದವಳಲ್ಲ.

ಈಗ ಆಕೆ ಕಣ್ಣನ್ನು ಅರೆ ತೆರೆದು ಸುತ್ತು ಮಾಡುತ್ತಿದ್ದಳು. ಸಾಲದ್ದಕ್ಕೆ ಒಂದು ಲೆಕ್ಕವನ್ನೂ ಇಟ್ಟುಕೊಂಡಿದ್ದಳು. ಒಂದೊಂದು ಟೋಪಿ ಹೊಲಿಯುವವರಿಗೂ ತನ್ನ ಸೂಜಿದಿಂಬಿನಿಂದ ನಲವತ್ತೇ ಗುಂಡುಸೂಜಿ. ಟೋಪಿ ಮುಗಿದಾಗ ನಲವತ್ತೂ ದಿಂಬಿಗೆ ಮರಳಬೇಕು. ಮರಳಿದರೆ ಒಳಗೆ ಏನೂ ಉಳಿದಿಲ್ಲ. ಮೂರು ತಿಂಗಳು ಈ ಉಪಾಯ ನಡೆಯಿತು. ಗೊತ್ತಾದರೆ ಸುತ್ತು ಹೋಗುತ್ತದೆ. ಸುತ್ತು ಹೋದರೆ ಬೆರಳಕ್ಕ ಯಾರು? ಆ ಪ್ರಶ್ನೆಗೆ ಆಕೆಗೆ ಭಯವಾಗಬೇಕಿತ್ತು. ಭಯ ಆ ಬಾಗಿಲಲ್ಲೇ ನಿಂತಿತ್ತು, ಒಳಗೆ ಬರುತ್ತಿರಲಿಲ್ಲ.

ಆ ದಿನ ಕಾರ್ಖಾನೆಯ ಮೇಜಿನ ಮೇಲಿದ್ದುದು ಸಾಮಾನ್ಯ ಟೋಪಿಯಲ್ಲ. ದೇಶದ ಕ್ರೀಡಾಪಟುಗಳ ತಂಡ ಮೈದಾನಕ್ಕೆ ಕಾಲಿಡುವಾಗ ಎಲ್ಲರಿಗಿಂತ ಮುಂದೆ ನಡೆಯುವ ಹುಡುಗಿ ಅದನ್ನು ಧರಿಸುವವಳಿದ್ದಳು. ಮೇಲೆ ಕಡುನೀಲಿ, ನಡುವೆ ಬಿಳಿ ರೇಷ್ಮೆಯ ಪಟ್ಟೆ, ಅಂಚಿಗೆ ಕಿತ್ತಳೆ; ಅಂಚು ಒಂದು ಕಡೆ ಗಾಳಿಗೆ ಎದ್ದ ಹಾಗೆ ಅಲೆಯಾಗಿ ಮೇಲಕ್ಕೆ ಹೋಗುತ್ತಿತ್ತು. ಅದರ ಡಿಸೈನರು ತೆಳ್ಳಗೆ ಬೆಳ್ಳಗೆ ಇದ್ದ ಯುವಕ. ಮೊದಲ ದಿನ ಬಂದವನೇ ಎರಡೂ ಕೈ ಚಾಚಿ, “ಇದು ಟೋಪಿ ಅಲ್ಲ” ಎಂದಿದ್ದ.

“ಮತ್ತೆ ಚಪ್ಪಲೀನಾ?” ಎಂದು ಗುಂಗುರು ಸೂಜಿಗೆ ದಾರ ಪೋಣಿಸುತ್ತಲೇ ಗೊಣಗಿದ್ದಳು.

“ಇದೊಂದು ಅನುಭವ! ಬಾವುಟ ಅಲ್ಲ, ಬಾವುಟದ ಉಸಿರು!”

ಅವನು ಮೆಟ್ಟಿಲಿಳಿದು ಹೋದದ್ದೇ ತಡ ಗುಂಗುರು ಕೈ ಚಾಚಿ, ಕತ್ತು ಕೊಂಕಿಸಿ, “ಇದು ಚಹಾ ಅಲ್ಲ, ಚಹಾದ ಉಸಿರು!” ಎಂದು ಖಾಲಿ ಲೋಟ ಹಂಚಿದ್ದಳು. ಎಲ್ಲರೂ ಬಿದ್ದು ಬಿದ್ದು ನಗುತ್ತಿರುವಾಗ, ಮರೆತ ಕೊಡೆಗಾಗಿ ಡಿಸೈನರು ವಾಪಸು ಬಂದು ಅವಳ ಹಿಂದೆಯೇ ನಿಂತಿದ್ದ. ಯಜಮಾನರು ಕ್ಷಮೆ ಕೇಳಿ ಸುಸ್ತಾದರು. ಗುಂಗುರುವಿನ ಹೆಸರಿಗೆ ಅದು ಎರಡನೆಯ ತಪ್ಪು. “ಇನ್ನೊಂದು ಆದ್ರೆ ನೀನು ನಿನ್ನ ಗಂಟಲು ಇಬ್ರೂ ಆಚೆ” ಎಂದಿದ್ದರು.

ಡಿಸೈನರಿನ ಜೊತೆ ಸರ್ಕಾರಿ ಕಾಗದವೂ ಬಂದಿತ್ತು. ಯಜಮಾನರು ಅದನ್ನು ಗೋಡೆಗೆ ಅಂಟಿಸಿದ್ದರು. ‘ಸದರಿ ಟೋಪಿಯು ರಾಷ್ಟ್ರಧ್ವಜವಾಗಿರುವುದಿಲ್ಲ. ಆದಾಗ್ಯೂ ಬಿಳಿ ಪಟ್ಟೆಯ ಮೇಲೆ ಅಕ್ಷರ, ಗುರುತು, ಕಲೆ ಮುಂತಾದವು ಇರತಕ್ಕದ್ದಲ್ಲ.’ ಆ ‘ತಕ್ಕದ್ದಲ್ಲ’ ಒಂದನ್ನೇ ಗುಂಗುರು ಹನ್ನೊಂದು ಬಗೆಯಲ್ಲಿ ಹೇಳಬಲ್ಲವಳಾಗಿದ್ದಳು.

ಟೋಪಿ ಮಧ್ಯಾಹ್ನ ಒಂದಕ್ಕೆ ಮುಗಿಯಿತು. ಬಿಳಿ ಪಟ್ಟೆ ಹೊಲಿದವಳು ಗುಂಗುರು. ನಾಲ್ಕಕ್ಕೆ ಡಿಸೈನರು ಬರುವವನಿದ್ದ. ಬೆರಳಕ್ಕ ಟೋಪಿಯನ್ನು ತೊಡೆಯ ಮೇಲೆ ಬೋರಲು ಇಟ್ಟುಕೊಂಡು ದಿಂಬಿನ ಸೂಜಿ ಎಣಿಸಿದಳು. ಮೂವತ್ತೊಂಬತ್ತು.

ಮತ್ತೆ ಎಣಿಸಿದಳು. ಮೂವತ್ತೊಂಬತ್ತೇ.

“ಗುಂಗುರು, ನನ್ನ ದಿಂಬಿಂದ ಸೂಜಿ ತಗೊಂಡೆಯೇನೇ?”

“ಹೂಂ ಅತ್ತಿಗೆ, ಒಂದು ತಗೊಂಡೆ. ಕುಪ್ಪಸದ ಗುಂಡಿ ಹಾರೋಯ್ತು, ಮಾನ ಉಳಿಸ್ಕೊಂಡಿದೀನಿ ನೋಡಿ.”

ಸರಿ, ಲೆಕ್ಕ ಕೂಡಿತು. ಗುಂಗುರು ಆ ಸೂಜಿ ತೆಗೆದದ್ದು ನಿನ್ನೆಯೋ ಇವತ್ತೋ, ಬೆಳಿಗ್ಗೆ ತಾನು ದಿಂಬಿಗೆ ನಲವತ್ತು ತುಂಬುವ ಮೊದಲೋ ಆಮೇಲೋ ಎಂದು ಬೆರಳಕ್ಕ ಕೇಳಲಿಲ್ಲ. ಕಣ್ಣು ಅರೆಮುಚ್ಚಿ ಬೆರಳನ್ನು ಒಳಪಟ್ಟಿಗುಂಟ ಸುತ್ತು ಆಡಿಸಿದಳು. ಎಲ್ಲಿಯೂ ಏನೂ ಇಲ್ಲ. ಅವಳ ಬೆರಳಿಗೆ ಈಗ ಎಲ್ಲಿಯೂ ಏನೂ ಇರುತ್ತಿರಲಿಲ್ಲ. ಟೋಪಿಯನ್ನು ತಿರುಗಿಸಿ, ಬಿಳಿ ಪಟ್ಟೆಯನ್ನು ಒಮ್ಮೆ ಸವರಿ, ಮರದ ತಲೆಯ ಮೇಲೆ ಕೂರಿಸಿ ಊಟಕ್ಕೆ ಹೋದಳು.

ಎರಡು ಗಂಟೆಗೆ ಯಜಮಾನರ ಕೂಗು ಕೇಳಿಸಿತು. ಅವರು ಬಾಯಲ್ಲಿ ಸದಾ ನಾಲ್ಕು ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುವವರು. ತುಟಿ ಅಲುಗಿಸದೆ ಮಾತಾಡಿ ಮಾತಾಡಿ ಅಕ್ಷರಗಳೆಲ್ಲ ಮೂಗಿನಿಂದ ಬರುವುದು ರೂಢಿಯಾಗಿತ್ತು. ಈಗ ಸೂಜಿಗಳನ್ನು ಉಗುಳಿ ಬಾಯ್ತುಂಬ ಕೂಗಿದ್ದರು. ಕೆಲಸದವರಿಗೆ ಗಾಬರಿಯಾದದ್ದು ಅದಕ್ಕೇ.

ಬಿಳಿ ಪಟ್ಟೆಯ ಮೇಲೆ ಒಂದು ಕೆಂಪು ಚುಕ್ಕೆ. ಸಾಸಿವೆ ಕಾಳಿನಷ್ಟು. ರಕ್ತ.

“ಯಾರದ್ದು ಇದು?”

ಯಾರೂ ಬಾಯಿ ಬಿಡಲಿಲ್ಲ. ಮರದ ತಲೆಗಳಂತೂ ಬಾಯಿ ಇಲ್ಲದವು.

“ನೀರಲ್ಲಿ ಒರೆಸೋಣ್ವಾ?” ಎಂದರು ಹಬೆ ಮಾವ. ಹಬೆಯ ಪಾತ್ರೆಯ ಮುಂದೆ ಮೂವತ್ತು ವರ್ಷ ನಿಂತು ಮುಖ ಬೆಂದ ಬದನೆಕಾಯಿಯಂತಾಗಿದ್ದ ಅವರನ್ನು ಎಲ್ಲರೂ ಹಾಗೆಯೇ ಕರೆಯುತ್ತಿದ್ದರು.

“ರೇಷ್ಮೆ ಕಣಯ್ಯ! ನೀರು ಬಿದ್ರೆ ಚುಕ್ಕೆ ಹೋಗಿ ಚಕ್ರ ಆಗತ್ತೆ. ಬೇರೆ ಪಟ್ಟೆ ಹಾಕೋಣ ಅಂದ್ರೆ ಅವನು ಅಳೆದು ಅಷ್ಟೇ ಕೊಟ್ಟಿದಾನೆ, ಒಂದು ಬೆರಳಗಲ ಮಿಕ್ಕಿಲ್ಲ.” ಯಜಮಾನರು ಹಣೆ ಒರೆಸಿಕೊಂಡರು. “ಉಗುಳೇ ಗತಿ.”

ಹೊಲಿಗೆಯವರಲ್ಲಿ ಹಿಂದಿನಿಂದ ನಡೆದುಬಂದ ನಂಬಿಕೆ ಅದು. ಬಟ್ಟೆಗೆ ಯಾರ ರಕ್ತ ತಾಗಿತೋ ಅವರದೇ ಉಗುಳು ಅದನ್ನು ಎತ್ತುತ್ತದೆ, ಬೇರೆಯವರದು ಎತ್ತುವುದಿಲ್ಲ. ಬಿಳಿ ದಾರದ ತುಂಡೊಂದನ್ನು ಬಾಯಲ್ಲಿ ಅಗಿದು, ಉಂಡೆ ಮಾಡಿ, ಕಲೆಯ ಮೇಲೆ ಒತ್ತಬೇಕು. ಓದಿದವರು ಇದಕ್ಕೆ ಏನೆನ್ನುತ್ತಾರೋ, ಆ ಕೋಣೆಯಲ್ಲಿ ಮಾತ್ರ ಇದನ್ನು ಶಂಕಿಸಿದವರಿರಲಿಲ್ಲ.

ಹಬೆ ಮಾವ ಕಣ್ಣು ಕಣ್ಣು ಬಿಟ್ಟರು. “ಯಜಮಾನ್ರೇ, ಬಾವುಟದ ಮೇಲೆ ಉಗಿಯೋದಾ? ಜೈಲಿಗೆ ಹಾಕ್ತಾರೆ ಅಷ್ಟೆ.”

“ಬಾವುಟ ಅಲ್ಲ ಅಂತ ಅವರೇ ಬರ್ಕೊಟ್ಟಿದಾರಲ್ಲಯ್ಯ, ಗೋಡೆ ನೋಡು. ಮತ್ತೆ ಉಗಿಯೋದಲ್ಲ, ಒತ್ತೋದು. ಗುಂಗುರು, ಪಟ್ಟೆ ಹೊಲಿದವಳು ನೀನು. ಅಗಿ.”

ಗುಂಗುರು ದಾರ ಅಗಿದಳು. ಅವಳ ಬಾಯಿ ಒಣಗಿತ್ತು. ಬಹಳ ಹೊತ್ತು ಅಗಿಯಬೇಕಾಯಿತು. ಒತ್ತಿದಳು. ಚುಕ್ಕೆ ಹಾಗೇ ಇತ್ತು.

ಹಬೆ ಮಾವ ಬಾಗಿಲ ಕಡೆ ಒಮ್ಮೆ ನೋಡಿಕೊಂಡು, “ತಪ್ಪಾದ್ರೆ ಹೊಟ್ಟೆಗೆ ಹಾಕ್ಕೊಳ್ಳಿ” ಎಂದು ಟೋಪಿಗೋ ಗೋಡೆಯ ಕಾಗದಕ್ಕೋ ಕೈ ಮುಗಿದು, ಅಗಿದು ಒತ್ತಿದರು. ಚುಕ್ಕೆ ಅವರಿಗೂ ಬಗ್ಗಲಿಲ್ಲ. ಕೊನೆಗೆ ಯಜಮಾನರು ತಾವೇ ಅಗಿದರು. ಬಾಯಲ್ಲಿ ಸೂಜಿಯಿಲ್ಲದೆ ದಾರ ಮಾತ್ರ ಇದ್ದದ್ದು ಅವರಿಗೆ ಅಭ್ಯಾಸವಿಲ್ಲದ್ದರಿಂದ ಅದನ್ನು ನುಂಗಿಯೇಬಿಟ್ಟರು. ಎರಡನೆಯ ದಾರ ಬೇಕಾಯಿತು. ಯಾರಿಗೂ ನಗು ಬರಲಿಲ್ಲ. ಚುಕ್ಕೆ ಇದ್ದಲ್ಲೇ ಇತ್ತು.

ಬೆರಳಕ್ಕನನ್ನು ಯಾರೂ ಕರೆಯಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಸೂಜಿ ಚುಚ್ಚಿಸಿಕೊಳ್ಳದ ಬೆರಳನ್ನು ಯಾರು ಸಂಶಯಿಸುತ್ತಾರೆ? ಆಕೆ ಕಪಾಟಿಗೆ ಒರಗಿ ನಿಂತು ತನ್ನ ಬಲಗೈ ನೋಡಿಕೊಂಡಳು. ತೋರುಬೆರಳಿನ ತುದಿಯಲ್ಲಿ ಒಂದು ಕಪ್ಪು ಚುಕ್ಕೆ ಒಣಗಿ ಕೂತಿತ್ತು. ಊಟಕ್ಕೆ ಮುಂಚೆ ಕೈ ತೊಳೆದಿದ್ದಳು. ಆಮೇಲೆ ಮತ್ತೆ ಜಿನುಗಿರಬೇಕು. ಯಾರದೋ ಕೈ ನೋಡಿದಂತೆ ಸ್ವಲ್ಪ ಹೊತ್ತು ನೋಡಿ, ಮುಷ್ಟಿ ಮಡಿಸಿದಳು. ಎದೆ ಡವಡವ ಎನ್ನಬೇಕಿತ್ತು. ಅದು ಎಂದಿನಂತೆ ತನ್ನ ಪಾಡಿಗೆ ತಾನು ನಡೆಯುತ್ತಿತ್ತು.

“ನಿಂದೇ ಇದು” ಎಂದು ಯಜಮಾನರು ಗುಂಗುರುವಿನ ಕಡೆ ತಿರುಗಿದರು. “ಭಯಕ್ಕೆ ಬಾಯಲ್ಲಿ ಪಸೆ ಇಲ್ಲ ನಿಂಗೆ, ಅದಕ್ಕೆ ಹೋಗ್ಲಿಲ್ಲ. ಹೊಲಿದವಳು ನೀನು, ಕೈ ಹೊಲಿಗೆ ಮೇಲೆ, ಕಣ್ಣು ಊರ ಮೇಲೆ. ಮೂರಾಯ್ತು. ಇವತ್ತಿನ ಸಂಬಳದ ಜೊತೆ ಇಡೀ ತಿಂಗಳದ್ದೂ ತಗೊಂಡು ಹೋಗು ತಾಯಿ.”

ಗುಂಗುರು ತನ್ನ ಹತ್ತು ಬೆರಳನ್ನೂ ಚಾಚಿ ಅವರ ಮುಂದೆ ಹಿಡಿದಳು. “ನೋಡಿ ಯಜಮಾನ್ರೇ, ಎಲ್ಲಾದ್ರೂ ಗಾಯ ಇದೆಯಾ? ಚುಚ್ಚಿದ್ರೆ ನಂಗೆ ಗೊತ್ತಾಗಲ್ವಾ? ನಾನು ಊರು ಒಂದಾಗೋ ಹಾಗೆ ಕಿರುಚ್ತೀನಿ. ಎಲ್ರಿಗೂ ಗೊತ್ತು.” ಯಾರ ದನಿಯನ್ನೂ ಎರವಲು ತರದೆ ಅವಳು ಮಾತಾಡಿದ್ದು ಬಹಳ ದಿನಕ್ಕೆ. ಅವಳದೇ ದನಿ ಇಷ್ಟು ಸಣ್ಣದು ಎಂದು ಆ ಕೋಣೆಗೆ ಗೊತ್ತಿರಲಿಲ್ಲ.

ಸುಮ್ಮನೆ ಇದ್ದುಬಿಡಬಹುದಿತ್ತು. ಗುಂಗುರು ಇನ್ನೊಂದು ಕಡೆ ಕೆಲಸ ಹುಡುಕಿಕೊಳ್ಳುತ್ತಾಳೆ. ಸುತ್ತು ತನ್ನಲ್ಲೇ ಉಳಿಯುತ್ತದೆ, ಇನ್ನೊಂದು ವರ್ಷ, ಎರಡು ವರ್ಷ. ಇದನ್ನೆಲ್ಲ ಬೆರಳಕ್ಕ ಸೂಜಿ ಎಣಿಸುವ ಹಾಗೆ ಒಂದೊಂದಾಗಿ ಎಣಿಸಿದಳು. ಹಾಗೆ ಎಣಿಸುತ್ತಲೇ ಮೇಜಿನ ಬಳಿಗೆ ನಡೆದಿದ್ದಳು. ದಾರದ ಉಂಡೆಯಿಂದ ಒಂದು ತುಂಡು ಕಡಿದು ಬಾಯಿಗೆ ಹಾಕಿಕೊಂಡಳು.

“ನೀನ್ಯಾಕಮ್ಮ?” ಎಂದರು ಯಜಮಾನರು.

ಬೆರಳಕ್ಕ ಅಗಿಯುತ್ತಲೇ ಇದ್ದಳು. ನಾಲಿಗೆಗೆ ದಾರದ ಒರಟು ಚೆನ್ನಾಗಿ ತಿಳಿಯುತ್ತಿತ್ತು. ನಾಲಿಗೆಗಾದರೂ ತಿಳಿಯುತ್ತದಲ್ಲ ಎಂದುಕೊಂಡಳು. ಉಂಡೆ ಮಾಡಿ, ಚುಕ್ಕೆಯ ಮೇಲೆ ಇಟ್ಟು, ಎಷ್ಟು ಒತ್ತುತ್ತಿದ್ದೇನೆ ಎಂಬುದು ಬೆರಳಿಗೆ ತಿಳಿಯದ್ದರಿಂದ ಉಗುರು ಬಿಳಿಚುವುದನ್ನು ನೋಡಿ ಅಂದಾಜು ಮಾಡಿ ಒತ್ತಿದಳು. ತೆಗೆದಳು. ದಾರ ನಸುಗೆಂಪಾಗಿತ್ತು. ಇನ್ನೊಂದು ತುಂಡು ಅಗಿದಳು, ಒತ್ತಿದಳು. ಮೂರನೆಯ ತುಂಡು ಬಿಳಿಯಾಗಿಯೇ ಮೇಲೆ ಬಂತು. ಪಟ್ಟೆಯೂ ಬಿಳಿಯಾಗಿತ್ತು.

ಹಬೆಯ ಪಾತ್ರೆ ಒಂದು ಸಲ ನಿಟ್ಟುಸಿರು ಬಿಟ್ಟಿತು.

“ಯಾವಾಗಿಂದ?” ಎಂದರು ಯಜಮಾನರು. ಚುಕ್ಕೆ ಯಾವಾಗ ಬಿತ್ತೆಂದು ಅವರು ಕೇಳುತ್ತಿರಲಿಲ್ಲ. ಟೋಪಿ ಮಾಡುವವರು, ತಲೆಯೊಳಗೆ ಬೇಗ ಹೊಕ್ಕುಬಿಡುತ್ತಾರೆ.

“ಮೂರು ತಿಂಗಳಾಯ್ತು.”

“ಅಷ್ಟೂ ಸುತ್ತು…?”

“ಎಣಿಸ್ತಿದ್ದೆ. ನಲವತ್ತು ಹೋದ್ರೆ ನಲವತ್ತು ಬರ್ಬೇಕು ಅಂತ.”

“ಇವತ್ತು?”

“ಮೂವತ್ತೊಂಬತ್ತು ಬಂತು. ಒಂದು ಇವಳ ಹತ್ರ ಇದೆ ಅಂದ್ಕೊಂಡೆ.”

“ಅದು ನಿನ್ನೆ ತೆಗೆದಿದ್ದು ಅತ್ತಿಗೆ” ಎಂದಳು ಗುಂಗುರು. ದನಿ ಇನ್ನೂ ಸಣ್ಣಗೇ ಇತ್ತು.

ಯಜಮಾನರು ಟೋಪಿಯನ್ನು ಎತ್ತಿ, ಬೋರಲು ಮಾಡಿ, ಗುಂಗುರುವಿನ ಕೈಗೆ ಕೊಟ್ಟರು. ಬೆರಳಕ್ಕನ ಮುಖ ನೋಡಲಿಲ್ಲ. “ಸುತ್ತು ಮಾಡು. ಕಣ್ಣು ಮುಚ್ಕೊಂಡು.”

ಗುಂಗುರು ಕಣ್ಣು ಮುಚ್ಚಿದಳು. ಬೆರಳು ಒಳಪಟ್ಟಿಗುಂಟ ಮೆಲ್ಲಗೆ ಹೊರಟಿತು. ಎಡಕಿವಿಯ ಜಾಗ ದಾಟಿತು, ಹಿಂದಲೆ ದಾಟಿತು, ಬಲಕಿವಿಯಿಂದ ಹಣೆಯ ಕಡೆ ತಿರುಗಿತು.

“ಅಮ್ಮಾ!”

ಊರು ಒಂದಾಗುವಂತಹ ಕಿರುಚಲೇ ಅದು. ಯಜಮಾನರು ಬಾಗಿ, ಪಟ್ಟಿಯ ಮಡಿಕೆ ಬಿಡಿಸಿ, ಒಂದು ಗುಂಡುಸೂಜಿಯನ್ನು ಈಚೆ ಎಳೆದರು. ಸರಿಯಾಗಿ ಹಣೆಯ ನಡುವೆ ಬರುವ ಜಾಗದಲ್ಲಿತ್ತು. ಆ ಹುಡುಗಿ ಇಡೀ ಮೈದಾನ ನೋಡುತ್ತಿರುವಾಗ ಟೋಪಿ ಸರಿಮಾಡಿಕೊಳ್ಳಲು ಒಂದು ಸಲ ಅದನ್ನು ಕೆಳಗೆ ಎಳೆದಿದ್ದರೆ ಸಾಕಿತ್ತು. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, ಬೆರಳಕ್ಕನ ದಿಂಬಿಗೆ ಚುಚ್ಚಿದರು.

“ನಲವತ್ತು” ಎಂದರು.

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. “ನಾಳೆಯಿಂದ ಮುಂದಿನ ಅಂಗಡೀಲಿ ಕೂತ್ಕೋಮ್ಮ. ಬಂದವರ ತಲೆ ಅಳತೆ ತಗೊಳ್ಳೋದು, ಕನ್ನಡಿ ಹಿಡಿಯೋದು. ಸುತ್ತು ಇವಳು ನೋಡ್ಕೋತಾಳೆ. ಮತ್ತೆ ಇನ್ನೊಂದು ಸಲ ಆ ಡಾಕ್ಟರ ಹತ್ರ ಹೋಗು. ಈ ಸಲ ಕಣ್ಣು ಮುಚ್ಕೊಂಡು ಕೂರು.” ಡಾಕ್ಟರ ಸಂಗತಿ ಇವರಿಗೆ ಹೇಗೆ ಗೊತ್ತಾಯಿತು ಎಂದು ಬೆರಳಕ್ಕನಿಗೆ ಅಚ್ಚರಿಯಾಗಬೇಕಿತ್ತು. ನಿಜಕ್ಕೂ ಅವರಿಗೆ ಗೊತ್ತಿರಲಿಲ್ಲ; ತಮ್ಮ ಅನುಭವದಿಂದ ಊಹಿಸಿದ್ದರು ಅಷ್ಟೆ. ಆಕೆ “ಹೂಂ” ಎಂದಳು.

ನಾಲ್ಕಕ್ಕೆ ಡಿಸೈನರು ಬಂದ. ಟೋಪಿಯನ್ನು ಎಲ್ಲ ಕಡೆಯಿಂದ ನೋಡಿದ, ಬಿಳಿ ಪಟ್ಟೆಗೆ ಮೂಗು ತಾಗುವಷ್ಟು ಹತ್ತಿರ ಹೋದ. ಹಬೆ ಮಾವ ಸೀಲಿಂಗ್ ನೋಡಿದರು. “ಎಷ್ಟು ಶುಭ್ರ!” ಎಂದ ಡಿಸೈನರು. “ಇದನ್ನ ಮುಟ್ಟಿದ ಒಂದೊಂದು ಕೈಯೂ ಪುಣ್ಯ ಮಾಡಿದೆ.” ಬೇರೆ ದಿನವಾಗಿದ್ದರೆ ಗುಂಗುರುವಿನ ಮಿಮಿಕ್ರಿಗೆ ಇಷ್ಟು ಸಾಕಾಗಿತ್ತು. ಇವತ್ತು ಅವಳು ಬಾಯಲ್ಲಿ ಬೆರಳಿಟ್ಟುಕೊಂಡು ಸುಮ್ಮನಿದ್ದಳು. ಬೆರಳಕ್ಕ ಡಬ್ಬಿಯ ಮುಚ್ಚಳ ಹಾಕಿ ರಿಬ್ಬನ್ ಕಟ್ಟಿದಳು, ಗಂಟನ್ನು ಕಣ್ಣಿನಿಂದ ಬಿಗಿಯುತ್ತ.

ಸಂಜೆಯ ಬಸ್ಸಿನಲ್ಲಿ ಅತ್ತಿಗೆ ನಾದಿನಿಯರಿಗೆ ಒಂದೇ ಸೀಟು ಸಿಕ್ಕಿತು.

“ನಂಗೆ ಹೇಳ್ಬಹುದಿತ್ತು” ಎಂದಳು ಗುಂಗುರು. “ಅಣ್ಣಂಗೆ ಬೇಡ, ಅವನು ಹಿಂದಿನ ಬಾಗಿಲಿಂದ ಇಳಿಸಿಬಿಡ್ತಾನೆ. ನಂಗೆ ಹೇಳ್ಬಹುದಿತ್ತು.”

“ನೀನು ನನ್ನ ಹಾಗೆ ಮಾಡಿ ತೋರಿಸ್ತಿದ್ದೆ ಎಲ್ರಿಗೂ.”

ಗುಂಗುರು ಬಹುಶಃ ಮಾಡುತ್ತಿದ್ದಳೇ. ಅವಳು ಬೆರಳಕ್ಕನ ಬಲಗೈಯನ್ನು ತೆಗೆದು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಬೆರಳಕ್ಕ ಅದನ್ನು ನೋಡಿದಳು, ನೋಡಿದ್ದರಿಂದ ತಿಳಿಯಿತು. ಗುಂಗುರುವಿನ ತೋರುಬೆರಳಿನ ತುದಿಯಲ್ಲೂ ಒಂದು ಚುಕ್ಕೆ ಇತ್ತು, ತನ್ನದರ ಹಾಗೆಯೇ, ಅದೇ ಸೂಜಿಯದು.

“ನೋವಾಯ್ತಾ?” ಎಂದಳು ಬೆರಳಕ್ಕ.

“ಆಗ್ದೇ ಇರತ್ತಾ ಅತ್ತಿಗೆ? ಜೀವ ಹೋಯ್ತು.”

“ಹೇಗಾಯ್ತು?”

“ಹೇಗೆ ಅಂದ್ರೆ?”

“ಹೇಗಾಯ್ತು ಅಂತ ಮಾಡಿ ತೋರಿಸು. ಎಲ್ಲ ಮಾಡ್ತೀಯಲ್ಲ.”

ಗುಂಗುರು ಕಣ್ಣು ಮುಚ್ಚಿ ನೆನಪಿಸಿಕೊಂಡಳು. “ಮೊದ್ಲು ತಣ್ಣಗೆ, ಒಂದು ಚೂರು. ಆಮೇಲೆ ಬಿಸಿ… ಅಲ್ಲ, ಬಿಸಿ ಅಲ್ಲ. ಇರುವೆ ಕಚ್ಚಿದ ಹಾಗೆ ಅನ್ನೋಣ ಅಂದ್ರೆ ಅದೂ ಅಲ್ಲ…” ಅವಳು ತುಟಿ ಸೊಟ್ಟ ಮಾಡಿದಳು, ಹುಬ್ಬು ಏರಿಸಿದಳು, ಇಳಿಸಿದಳು. ಊರಿನ ಎಲ್ಲರ ದನಿ ಇದ್ದ ಗಂಟಲಿನಲ್ಲಿ ಇದೊಂದು ಇರಲಿಲ್ಲ. “ಬರ್ತಿಲ್ಲ ಅತ್ತಿಗೆ.”

“ಹೋಗ್ಲಿ ಬಿಡು.”

“ಇರಿ, ಇನ್ನೊಂದ್ಸಲ ಮಾಡ್ತೀನಿ” ಎಂದು ಗುಂಗುರು ಮತ್ತೆ ಕಣ್ಣು ಮುಚ್ಚಿದಳು. ಬೆರಳಕ್ಕ ಅವಳ ಮುಖವನ್ನೇ ನೋಡುತ್ತ ಕೂತಳು. ಇಳಿಯುವ ಸ್ಟಾಪು ಬಂದು ಹೋದದ್ದು ಇಬ್ಬರಿಗೂ ತಿಳಿಯಲಿಲ್ಲ.